ಚೆಂಡು ಕೈಬಿಡುವ ಮುಂಚಿನ ಎರಡೂವರೆ ಸೆಕೆಂಡ್

ಎದುರಾಳಿಯ ಊರು, ಎದುರಾಳಿಯ ಮೈದಾನ. ಅವನು ಹೇಳುವ ಒಂದಕ್ಷರವೂ ಅವನ ಜೊತೆಗಾರರಿಗೆ ಕೇಳಿಸಬಾರದೆಂದು ಗ್ಯಾಲರಿಯ ಜನ ಗಂಟಲು ಹರಿಯುವಂತೆ ಕೂಗುತ್ತಿದ್ದಾರೆ. ಹೆಲ್ಮೆಟ್ಟಿನೊಳಗಿನ ಪುಟ್ಟ ಸ್ಪೀಕರಿನಲ್ಲಿ ಕೋಚ್ ಮುಂದಿನ ಆಟದ ಸಂಕೇತ ಒಪ್ಪಿಸುತ್ತಾರೆ. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ಧ್ವನಿ ತಾನಾಗಿ ಕಡಿದುಹೋಗುತ್ತದೆ; ಅದು ನಿಯಮ. ಇನ್ನು ಅವನಿಗೆ ಹೇಳಿಕೊಡುವವರು ಯಾರೂ ಇಲ್ಲ. ಎದುರಿನ ಹನ್ನೊಂದು ಮಂದಿ ನಿಂತ ಬಗೆಯನ್ನು ಎಡದಿಂದ ಬಲಕ್ಕೆ ಓದುತ್ತಾನೆ. ಒಬ್ಬನತ್ತ ಬೆರಳು ತೋರಿಸಿ ಏನೋ ಕಿರುಚುತ್ತಾನೆ. ಓಟಗಾರನನ್ನು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸರಿಸುತ್ತಾನೆ. ಕಾಲೆತ್ತಿ ನೆಲಕ್ಕೆ ಬಡಿಯುತ್ತಾನೆ.

ಚೆಂಡು ಕೈಗೆ ಬಂತು. ತನಗಿಂತ ಎಷ್ಟೋ ಭಾರದ ನಾಲ್ವರು ಅವನನ್ನು ಕೆಡವಲೆಂದೇ ನುಗ್ಗಿ ಬರುತ್ತಿದ್ದಾರೆ. ಎರಡೂವರೆ ಸೆಕೆಂಡಿನಲ್ಲಿ ಚೆಂಡು ಅವನ ಕೈಬಿಟ್ಟಿತು. ಇಪ್ಪತ್ತು ಗಜ ದೂರದಲ್ಲಿ ಓಡುತ್ತಿದ್ದ ರಿಸೀವರ್‌ನ ಎರಡು ಅಂಗೈಗಳ ನಡುವೆ ಸರಿಯಾಗಿ ಬಿತ್ತು, ಅಲ್ಲಿಂದ ಪುಟಿಯಿತು, ಹಿಂದೆ ಬರುತ್ತಿದ್ದ ಎದುರಾಳಿಯ ತೋಳು ಸೇರಿತು.

ಅಂಕಪಟ್ಟಿಯಲ್ಲಿ ಇದಕ್ಕೆ ಒಂದೇ ಪದ: ಇಂಟರ್‌ಸೆಪ್ಷನ್. ಅದು ಬರೆಯಲ್ಪಡುವುದು ಚೆಂಡು ಎಸೆದವನ ಹೆಸರಿನ ಮುಂದೆ. ಕೈಯಿಂದ ಜಾರಿಸಿದವನ ಹೆಸರು ಆ ಕಾಲಮ್ಮಿನಲ್ಲಿ ಎಲ್ಲೂ ಇರುವುದಿಲ್ಲ.

ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಈ ಆಟಗಾರನಷ್ಟು ಹಣ, ಹೊಗಳಿಕೆ, ಬೈಗುಳ ಯಾರಿಗೂ ಸಿಗುವುದಿಲ್ಲ. ಇವನಷ್ಟು ಅಳತೆಗೆ ಒಳಗಾದವರೂ ಇಲ್ಲ. ಐವತ್ತು ವರ್ಷಗಳಿಂದ ಒಂದರ ಮೇಲೊಂದು ಸೂತ್ರ ಬಂದಿದೆ. ಹಾಗಿದ್ದೂ ‘ಇವನು ನಿಜಕ್ಕೂ ಎಷ್ಟು ಒಳ್ಳೆಯವನು?’ ಎಂಬ ಪ್ರಶ್ನೆಗೆ ಲೀಗಿನ 32 ತಂಡಗಳು ಪ್ರತಿವರ್ಷ ಬೇರೆಬೇರೆ ಉತ್ತರ ಕೊಡುತ್ತವೆ, ಮತ್ತು ದೊಡ್ಡ ಮೊತ್ತ ತೆತ್ತು ತಪ್ಪುತ್ತವೆ.

ಆಟದ ಬಗ್ಗೆ ನಾಲ್ಕು ಮಾತು

ನಮ್ಮಲ್ಲಿ ಬಹುಪಾಲು ಜನರಿಗೆ ಈ ಆಟ ಪರಿಚಯವಾಗುವುದು ವರ್ಷಕ್ಕೊಮ್ಮೆ, ಸೋಮವಾರ ಬೆಳಗಿನ ಜಾವ ಐದಕ್ಕೆ ಶುರುವಾಗುವ, ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಮೂಲಕ. ಇಲ್ಲವೇ ಡಲ್ಲಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಮಗನ ಮನೆಗೆ ಹೋದಾಗ ಮೊಮ್ಮಕ್ಕಳ ಪಕ್ಕ ಕೂತು. ಆಟದ ಗಂಟು ಸರಳ. ಚೆಂಡು ಇರುವ ತಂಡಕ್ಕೆ ನಾಲ್ಕು ಯತ್ನ. ಅಷ್ಟರಲ್ಲಿ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಎದುರಾಳಿಯ ಗೋಲ್ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ.

ಪ್ರತಿ ಯತ್ನದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನು ಅದನ್ನು ಓಟಗಾರನಿಗೆ ಒಪ್ಪಿಸಬಹುದು, ರಿಸೀವರ್‌ಗೆ ಎಸೆಯಬಹುದು, ತಾನೇ ಹಿಡಿದು ಓಡಬಹುದು. ಎಸೆಯುವ ಮುನ್ನವೇ ಎದುರಾಳಿ ಅವನನ್ನು ಕೆಡವಿದರೆ ಅದು ಸ್ಯಾಕ್. ಅವನ ಮುಂದೆ ಗೋಡೆಯಂತೆ ನಿಂತು ಕಾಯುವವರು ಐದು ಜನ. ಇಷ್ಟು ತಿಳಿದಿದ್ದರೆ ಮುಂದಿನದನ್ನು ಓದಲು ಸಾಕು.

1973ರ ಅಳತೆಗೋಲು

ಇಂದಿಗೂ ಟಿವಿ ಪರದೆಯ ಕೆಳಗೆ ಕಾಣುವ ‘ಪಾಸರ್ ರೇಟಿಂಗ್’ ಹುಟ್ಟಿದ್ದು 1973ರಲ್ಲಿ. ಯಾವ ವರ್ಷ ಯಾರನ್ನು ಅತ್ಯುತ್ತಮ ಎಸೆತಗಾರ ಎಂದು ಕರೆಯಬೇಕು ಎಂಬುದಕ್ಕೆ ಲೀಗಿನಲ್ಲಿ ಅಲ್ಲಿಯವರೆಗೆ ನೆಟ್ಟಗೊಂದು ಪದ್ಧತಿ ಇರಲಿಲ್ಲ. ಫುಟ್‌ಬಾಲ್ ಹಾಲ್ ಆಫ್ ಫೇಮ್‌ನ ಡಾನ್ ಸ್ಮಿತ್ ನೇತೃತ್ವದಲ್ಲಿ ಕೂತ ಸಮಿತಿ ನಾಲ್ಕು ಸಂಗತಿಗಳನ್ನು ಆರಿಸಿತು. ಎಸೆದ ಚೆಂಡುಗಳಲ್ಲಿ ಶೇಕಡ ಎಷ್ಟು ರಿಸೀವರ್ ಕೈ ಸೇರಿದವು, ಪ್ರತಿ ಎಸೆತಕ್ಕೆ ಸರಾಸರಿ ಎಷ್ಟು ಗಜ, ಶೇಕಡ ಎಷ್ಟು ಟಚ್‌ಡೌನ್, ಶೇಕಡ ಎಷ್ಟು ಇಂಟರ್‌ಸೆಪ್ಷನ್.

ಆ ಕಾಲದ ಸಾಧಾರಣ ಆಟಕ್ಕೆ ಪ್ರತಿಯೊಂದರಲ್ಲೂ ಒಂದು ಅಂಕ. ನೂರಕ್ಕೆ 50 ಎಸೆತ ಗುರಿ ಮುಟ್ಟಿದರೆ, ಎಸೆತಕ್ಕೆ 7 ಗಜ ಬಂದರೆ, ನೂರಕ್ಕೆ 5 ಟಚ್‌ಡೌನ್ ಆದರೆ, 5.5 ಎದುರಾಳಿಯ ಪಾಲಾದರೆ ಸಾಧಾರಣ. ನಾಲ್ಕನ್ನೂ ಕೂಡಿಸಿ, ಆರರಿಂದ ಭಾಗಿಸಿ, ನೂರರಿಂದ ಗುಣಿಸಿದರೆ 66.7. ಒಂದೊಂದು ಭಾಗಕ್ಕೂ ಮೇಲ್ಮಿತಿ ಇರುವುದರಿಂದ ರೇಟಿಂಗ್ ಎಷ್ಟೇ ಏರಿದರೂ 158.3ರಲ್ಲಿ ನಿಲ್ಲುತ್ತದೆ.

ಆ ಸಮಿತಿಯನ್ನು ಹಳಿಯಲು ನನಗೆ ಮನಸ್ಸಿಲ್ಲ. ಕೈಯಲ್ಲಿದ್ದ ಅಂಕಿಗಳಿಂದ ಅವರು ಮಾಡಬಹುದಾದದ್ದನ್ನು ಮಾಡಿದರು. ತೊಂದರೆ ಬಂದದ್ದು ಆಟ ಬದಲಾದ ಮೇಲೂ ಗೋಲು ಬದಲಾಗದೆ ಉಳಿದದ್ದರಿಂದ. 1978ರಲ್ಲಿ ನಿಯಮಗಳು ತಿದ್ದುಪಡಿಯಾದವು. ಆಟ ಶುರುವಾದ ಗೆರೆಯಿಂದ ಐದು ಗಜ ದಾಟಿದ ಮೇಲೆ ರಿಸೀವರ್‌ನನ್ನು ತಳ್ಳುವಂತಿಲ್ಲ ಎಂದಾಯಿತು. ಕ್ವಾರ್ಟರ್‌ಬ್ಯಾಕನ್ನು ಕಾಯುವವರಿಗೆ ಕೈಚಾಚಿ ತಡೆಯುವ ಅವಕಾಶ ಸಿಕ್ಕಿತು. ಎಸೆತ ವರ್ಷದಿಂದ ವರ್ಷಕ್ಕೆ ಸಲೀಸಾಯಿತು. ಇಂದು ಲೀಗಿನಲ್ಲಿ ನೂರಕ್ಕೆ 65ರ ಆಸುಪಾಸು ಎಸೆತಗಳು ಗುರಿ ಮುಟ್ಟುತ್ತವೆ, ಸಾಧಾರಣ ರೇಟಿಂಗ್ 90ರ ಹತ್ತಿರವಿದೆ.

ಹಾಗಾಗಿ ಹಳಬರನ್ನು ಈ ಗೋಲಿನಿಂದ ಅಳೆದರೆ ಅನ್ಯಾಯವಾಗುತ್ತದೆ. 1967ರಲ್ಲಿ ಒಂದೇ ಋತುವಿನಲ್ಲಿ 4,000 ಗಜ ದಾಟಿದ ಮೊದಲಿಗ ಜೋ ನೇಮತ್. ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಅವರ ಜೀವಮಾನದ ಲೆಕ್ಕ 173 ಟಚ್‌ಡೌನ್, 220 ಇಂಟರ್‌ಸೆಪ್ಷನ್, ರೇಟಿಂಗ್ 65.5. ಇವತ್ತು ಯಾವ ತಂಡದಲ್ಲಾದರೂ ಈ ಅಂಕ ತಂದವನಿಗೆ ಬೆಂಚೇ ಗತಿ.

ಒಂದು ಗಜಕ್ಕೆ ಹನ್ನೊಂದು ಅಂಕ

ಪೆನ್ಸಿಲ್ ಹಿಡಿದು ಒಂದು ಪಂದ್ಯ ಲೆಕ್ಕ ಹಾಕೋಣ. ಒಬ್ಬ 30 ಸಲ ಎಸೆದ. 20 ಗುರಿ ಮುಟ್ಟಿದವು, 240 ಗಜ ಬಂತು, 2 ಟಚ್‌ಡೌನ್, 1 ಇಂಟರ್‌ಸೆಪ್ಷನ್. ರೇಟಿಂಗ್ 99.3. ಒಳ್ಳೆಯ ದಿನ.

ಈಗ ಅದೇ ಪಂದ್ಯದಲ್ಲಿ, ಎರಡನೇ ಟಚ್‌ಡೌನಿನ ಚೆಂಡು ಹಿಡಿದ ರಿಸೀವರ್ ಗೆರೆಗೆ ಒಂದು ಗಜ ಮುಂಚೆ ಬಿದ್ದ ಎಂದುಕೊಳ್ಳಿ. ಮುಂದಿನ ಯತ್ನದಲ್ಲಿ ಓಟಗಾರ ಚೆಂಡನ್ನು ಹೊತ್ತು ಆ ಒಂದು ಗಜ ದಾಟಿಸಿದ. ತಂಡಕ್ಕೆ ಬಂದದ್ದು ಅದೇ ಆರು ಅಂಕ. ಎಸೆದವನ ಕೈ, ಕಣ್ಣು, ನಿರ್ಧಾರ ಯಾವುದರಲ್ಲೂ ಕೂದಲೆಳೆಯ ವ್ಯತ್ಯಾಸ ಇಲ್ಲ. ಅವನ ರೇಟಿಂಗ್ ಮಾತ್ರ 99.3ರಿಂದ 88.1ಕ್ಕೆ ಇಳಿಯುತ್ತದೆ. ರಿಸೀವರ್ ಎಲ್ಲಿ ಮುಗ್ಗರಿಸಿದ ಎಂಬುದಕ್ಕೆ ಕ್ವಾರ್ಟರ್‌ಬ್ಯಾಕ್ ತೆತ್ತದ್ದು ಹನ್ನೊಂದು ಅಂಕ.

ಸೂತ್ರ ನೋಡದೆ ಬಿಟ್ಟದ್ದೂ ಕಡಿಮೆಯಲ್ಲ. ಸ್ಯಾಕ್ ಇಲ್ಲ. ಕೈಯಿಂದ ಚೆಂಡು ಜಾರಿಸಿ ಎದುರಾಳಿಗೆ ಒಪ್ಪಿಸಿದ್ದು ಇಲ್ಲ. ಓಡಿ ಗಳಿಸಿದ ಗಜ ಇಲ್ಲ. ನುಗ್ಗಿ ಬಂದವರನ್ನು ಕಂಡು ಚೆಂಡನ್ನು ಬೇಕೆಂದೇ ಗೆರೆಯಾಚೆ ಎಸೆದು ಅಪಾಯ ತಪ್ಪಿಸಿಕೊಂಡರೆ ಅದು ವಿಫಲ ಎಸೆತವಾಗಿ ರೇಟಿಂಗ್ ಇಳಿಯುತ್ತದೆ. ಎಸೆಯದೆ ಹಿಡಿದುಕೊಂಡೇ ನಿಂತು ಸ್ಯಾಕ್ ಆಗಿ ಎಂಟು ಗಜ ಕಳೆದರೆ ರೇಟಿಂಗ್ ಕದಲುವುದೇ ಇಲ್ಲ. ಬುದ್ಧಿವಂತಿಕೆಗೆ ದಂಡ, ತಪ್ಪಿಗೆ ಮಾಫಿ.

ಇನ್ನೊಂದು ಲೆಕ್ಕ ನೋಡಿ. ಪ್ರತಿ ಚೆಂಡನ್ನೂ ಯಾರ ಕೈಗೂ ಸಿಗದಂತೆ ನೆಲಕ್ಕೇ ಬಡಿದವನಿಗೂ ಈ ಸೂತ್ರ 39.6 ಕೊಡುತ್ತದೆ, ಏಕೆಂದರೆ ಇಂಟರ್‌ಸೆಪ್ಷನ್ ಇಲ್ಲ. 1998ರಲ್ಲಿ ಸ್ಯಾನ್ ಡಿಯೆಗೊ ತಂಡದ ಹೊಸಬ ರಯಾನ್ ಲೀಫ್ ಆ ಋತುವನ್ನು ಮುಗಿಸಿದ್ದು 39.0ರಲ್ಲಿ: 2 ಟಚ್‌ಡೌನ್, 15 ಇಂಟರ್‌ಸೆಪ್ಷನ್. ಕ್ಯಾನ್ಸಸ್ ಸಿಟಿ ವಿರುದ್ಧದ ಒಂದು ಪಂದ್ಯದಲ್ಲಿ 15 ಸಲ ಎಸೆದು ಒಂದೇ ಒಂದು ಗುರಿ ಮುಟ್ಟಿಸಿದರು, ಬಂದದ್ದು 4 ಗಜ. ಆ ವರ್ಷ ಕಾಲೇಜು ಆಟಗಾರರನ್ನು ಆರಿಸುವ ಡ್ರಾಫ್ಟಿನಲ್ಲಿ ಅವರು ಎರಡನೆಯವರಾಗಿ ಆಯ್ಕೆಯಾಗಿದ್ದರು. ಮೊದಲನೆಯವರಾಗಿ ಇಂಡಿಯಾನಾಪೊಲಿಸ್ ಪಾಲಾದವರು ಪೇಟನ್ ಮ್ಯಾನಿಂಗ್. ಇಬ್ಬರಲ್ಲಿ ಯಾರು ಮೇಲು ಎಂದು ಅಲ್ಲಿನ ಪರಿಣತರು ತಿಂಗಳುಗಟ್ಟಲೆ ವಾದಿಸಿದ್ದರು.

ಮ್ಯಾನಿಂಗ್ ಅವರ ಮೊದಲ ವರ್ಷವೂ ಹೇಳಿಕೊಳ್ಳುವಂಥದ್ದಲ್ಲ. 28 ಇಂಟರ್‌ಸೆಪ್ಷನ್, ರೇಟಿಂಗ್ 71.2. ತಂಡ 16ರಲ್ಲಿ ಗೆದ್ದದ್ದು 3 ಪಂದ್ಯ. ಆದರೆ ಅವರ ಆಟದಲ್ಲಿ ಅಂಕಿಗಳು ತೋರಿಸದ ಒಂದು ಗುಣವಿತ್ತು. ಎದುರಾಳಿಯ ನಿಲುವು ನೋಡಿ ಕೊನೆಗಳಿಗೆಯಲ್ಲಿ ಇಡೀ ಆಟವನ್ನೇ ಬದಲಿಸುವುದು, ಕೆಡವುವವರು ತಲುಪುವ ಮೊದಲೇ ಚೆಂಡು ಕೈಬಿಡುವುದು. ಇಡೀ ವೃತ್ತಿಜೀವನದಲ್ಲಿ ತೀರ ಕಡಿಮೆ ಸ್ಯಾಕ್ ಆದವರ ಸಾಲಿನಲ್ಲಿ ಅವರಿದ್ದಾರೆ. ಅದು ಕಾಯುವವರ ಗೋಡೆಯ ಬಲದಿಂದ ಮಾತ್ರ ಬಂದದ್ದಲ್ಲ.

ಗೆಲುವು ಯಾರದ್ದು?

ಸಂಖ್ಯೆಗಳ ಗೋಜೇ ಬೇಡ, ಗೆದ್ದನೋ ಇಲ್ಲವೋ ಹೇಳಿ ಎನ್ನುವವರು ಬಹಳ ಜನ. ಕ್ವಾರ್ಟರ್‌ಬ್ಯಾಕ್ ಹೆಸರಿನ ಮುಂದೆ ಗೆಲುವು-ಸೋಲುಗಳ ಲೆಕ್ಕವನ್ನೇ ಬರೆಯುವ ರೂಢಿ ಅಲ್ಲಿದೆ. ಇದೇ ಮ್ಯಾನಿಂಗ್ ಅವರ ಕೊನೆಯ ವರ್ಷಗಳನ್ನು ನೋಡಿದರೆ ಆ ರೂಢಿ ಎಷ್ಟು ದುರ್ಬಲ ಎಂದು ಗೊತ್ತಾಗುತ್ತದೆ.

2013ರಲ್ಲಿ ಡೆನ್ವರ್ ಪರ ಆಡಿದ ಅವರು 55 ಟಚ್‌ಡೌನ್ ಎಸೆದರು, 5,477 ಗಜ ಗಳಿಸಿದರು. ಒಂದು ಋತುವಿನಲ್ಲಿ ಅಷ್ಟು ಟಚ್‌ಡೌನ್ ಅದಕ್ಕೂ ಮೊದಲು ಯಾರೂ ಎಸೆದಿರಲಿಲ್ಲ. ಆ ಋತುವಿನ ಸೂಪರ್ ಬೌಲಿನಲ್ಲಿ ಸಿಯಾಟಲ್ ಎದುರು ಡೆನ್ವರ್ 43-8ರಿಂದ ಸೋತಿತು.

ಎರಡು ವರ್ಷ ಬಿಟ್ಟು 2015. ಕತ್ತಿನ ಶಸ್ತ್ರಚಿಕಿತ್ಸೆಗಳ ನಂತರ ತೋಳಿನ ಬಲ ಕುಗ್ಗಿತ್ತು, ವಯಸ್ಸು 39. ಇಡೀ ಋತುವಿನಲ್ಲಿ 9 ಟಚ್‌ಡೌನ್, 17 ಇಂಟರ್‌ಸೆಪ್ಷನ್. ನವೆಂಬರ್ 15ರಂದು ಕ್ಯಾನ್ಸಸ್ ಸಿಟಿ ವಿರುದ್ಧ ಅವರು ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ಗಜ ಎಸೆದವರೆಂಬ ದಾಖಲೆ ಮುಟ್ಟಿದರು. ಅದೇ ಮಧ್ಯಾಹ್ನ 20 ಎಸೆತಗಳಲ್ಲಿ 5 ಮಾತ್ರ ಗುರಿ ಸೇರಿದವು, 4 ಎದುರಾಳಿಯ ಪಾಲಾದವು, ರೇಟಿಂಗ್ ಸೊನ್ನೆ. ಪಂದ್ಯದ ನಡುವೆಯೇ ಅವರನ್ನು ಹೊರಗೆ ಕೂರಿಸಲಾಯಿತು. ಆ ಋತು ಮುಗಿದದ್ದು ಹೇಗೆ? ಡೆನ್ವರ್ ಸೂಪರ್ ಬೌಲ್ ಗೆದ್ದಿತು, ಕ್ಯಾರೊಲಿನಾ ವಿರುದ್ಧ 24-10. ಪಂದ್ಯಶ್ರೇಷ್ಠ ರಕ್ಷಣಾ ಆಟಗಾರ ವಾನ್ ಮಿಲ್ಲರ್.

ಒಬ್ಬನೇ ಮನುಷ್ಯ. ಅತ್ಯುತ್ತಮವಾಗಿ ಆಡಿದ ವರ್ಷ ಕಪ್ ಕೈತಪ್ಪಿತು, ತೀರ ಕಳಪೆಯಾಗಿ ಆಡಿದ ವರ್ಷ ಕೈಸೇರಿತು. ಗೆಲುವನ್ನೇ ಅಳತೆಯಾಗಿಟ್ಟರೆ 2015ರ ಮ್ಯಾನಿಂಗ್ 2013ರ ಮ್ಯಾನಿಂಗ್‌ಗಿಂತ ಮೇಲು ಎನ್ನಬೇಕಾಗುತ್ತದೆ. ಆ ವಾದ ಒಪ್ಪುವವರು ಡೆನ್ವರ್‌ನಲ್ಲೂ ಸಿಗಲಾರರು.

ಇಂಥ ಉದಾಹರಣೆಗಳಿಗೆ ಬರವಿಲ್ಲ. 2000ದ ಋತುವಿನಲ್ಲಿ ಬಾಲ್ಟಿಮೋರ್ ರಕ್ಷಣೆ 16 ಪಂದ್ಯಗಳಲ್ಲಿ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು 165 ಅಂಕ, ದಾಖಲೆ. ಆ ತಂಡದ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಡಿಲ್ಫರ್ ಸೂಪರ್ ಬೌಲ್ ಗೆದ್ದರು, ಮತ್ತು ಗೆದ್ದ ತಂಡವೇ ಅವರನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಲಿಲ್ಲ. 1984ರಲ್ಲಿ 48 ಟಚ್‌ಡೌನ್, 5,084 ಗಜ ಎಸೆದ ಮಯಾಮಿಯ ಡ್ಯಾನ್ ಮರೀನೊ ಜೀವಮಾನದಲ್ಲಿ ಒಮ್ಮೆಯೂ ಅದನ್ನು ಗೆಲ್ಲಲಿಲ್ಲ.

ಲೆಕ್ಕ ಬರೆದ ಕ್ವಾರ್ಟರ್‌ಬ್ಯಾಕ್

ಹೆಚ್ಚು ನ್ಯಾಯವಾದ ಅಳತೆಯ ದಾರಿ ತೆರೆದವರಲ್ಲಿ ಒಬ್ಬರು ಸ್ವತಃ ಕ್ವಾರ್ಟರ್‌ಬ್ಯಾಕ್ ಆಗಿದ್ದರು ಎಂಬುದು ನನಗೆ ಈ ಇಡೀ ಕಥೆಯಲ್ಲೇ ಬಹಳ ಇಷ್ಟವಾಗುವ ಸಂಗತಿ. ಸಿನ್ಸಿನಾಟಿ ತಂಡದ ವರ್ಜಿಲ್ ಕಾರ್ಟರ್, ರಾಬರ್ಟ್ ಮ್ಯಾಕೋಲ್ ಎಂಬ ವಿದ್ವಾಂಸರ ಜೊತೆ ಸೇರಿ 1971ರಲ್ಲಿ ‘ಆಪರೇಷನ್ಸ್ ರಿಸರ್ಚ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮೈದಾನದ ಇಂಥ ಗಜದ ಬಳಿ ಚೆಂಡು ಇದ್ದರೆ ಮುಂದೆ ಬರಬಹುದಾದ ಅಂಕ ಸರಾಸರಿ ಎಷ್ಟು ಎಂಬುದನ್ನು 1969ರ ಪಂದ್ಯಗಳಿಂದ ಲೆಕ್ಕ ಹಾಕಿದ್ದರು. ಪ್ರಬಂಧ ಬಂದ ಅದೇ ವರ್ಷ ಕಾರ್ಟರ್ ಗುರಿ ಮುಟ್ಟಿದ ಎಸೆತಗಳ ಶೇಕಡಾವಾರಿನಲ್ಲಿ ಇಡೀ ಲೀಗಿಗೇ ಮೊದಲಿಗರು.

ಆ ವಿಚಾರ ಬೆಳೆದು ಇಂದು ‘ನಿರೀಕ್ಷಿತ ಅಂಕ’ ಎಂಬ ಅಳತೆಯಾಗಿದೆ. ಡಕ್ವರ್ತ್-ಲೂಯಿಸ್ ನಿಯಮ ತಿಳಿದ ಕ್ರಿಕೆಟ್ ಪ್ರೇಮಿಗೆ ಇದು ಸುಲಭವಾಗಿ ಹಿಡಿತಕ್ಕೆ ಸಿಗುತ್ತದೆ. ಕೈಯಲ್ಲಿ ಎಷ್ಟು ವಿಕೆಟ್, ಎಷ್ಟು ಓವರ್ ಉಳಿದಿವೆ ಎಂಬುದರ ಮೇಲೆ ಅಲ್ಲಿ ಒಂದೊಂದು ಸ್ಥಿತಿಗೂ ಬೆಲೆ ಕಟ್ಟುತ್ತಾರಲ್ಲ, ಹಾಗೆಯೇ ಇಲ್ಲಿ ಎಷ್ಟನೇ ಯತ್ನ, ಇನ್ನೆಷ್ಟು ಗಜ ಬೇಕು, ಗೆರೆ ಎಷ್ಟು ದೂರ ಎಂಬುದರ ಮೇಲೆ ಬೆಲೆ. ಆಟಕ್ಕೆ ಮೊದಲಿನ ಬೆಲೆಗೂ ಆಮೇಲಿನ ಬೆಲೆಗೂ ಇರುವ ವ್ಯತ್ಯಾಸವೇ ಆ ಆಟದ ಗಳಿಕೆ ಅಥವಾ ನಷ್ಟ.

ಮೂರನೇ ಯತ್ನ, ಇನ್ನೂ 8 ಗಜ ಬೇಕು. ಒಬ್ಬ ಸುಲಭದ ಎಸೆತ ಆರಿಸಿ 6 ಗಜ ತಂದ. ಎಸೆತ ಗುರಿ ಮುಟ್ಟಿತು, ಶೇಕಡಾವಾರು ಏರಿತು, ಚಪ್ಪಾಳೆಯೂ ಬಿತ್ತು. ಆದರೆ 8 ಗಜ ಆಗಲಿಲ್ಲ; ನಾಲ್ಕನೇ ಯತ್ನವೂ ತಪ್ಪಿದರೆ ಚೆಂಡು ಅಲ್ಲೇ ಕೈತಪ್ಪುತ್ತದೆಂದು ಅದನ್ನು ದೂರಕ್ಕೆ, ಎದುರಾಳಿಗೆ ಒದ್ದುಕೊಡಬೇಕಾಯಿತು. ನಿರೀಕ್ಷಿತ ಅಂಕದ ಪುಸ್ತಕದಲ್ಲಿ ಇದು ನಷ್ಟ. ಇನ್ನೊಂದು ಕಡೆ ಮೂರನೇ ಯತ್ನದಲ್ಲಿ 2 ಗಜ ಬೇಕಿದ್ದಾಗ ಒಬ್ಬ 3 ಗಜ ತಂದ. ಇದು ಲಾಭ, ಮೇಲಿನ 6 ಗಜಕ್ಕಿಂತ ಹೆಚ್ಚು ಬೆಲೆಯದು. ಸ್ಯಾಕ್, ಓಟ, ಜಾರಿದ ಚೆಂಡು ಎಲ್ಲಕ್ಕೂ ಇದರಲ್ಲಿ ಜಾಗವಿದೆ. 2011ರಲ್ಲಿ ಇಎಸ್‌ಪಿಎನ್ ತಂದ, ಸೊನ್ನೆಯಿಂದ ನೂರರವರೆಗಿನ ‘ಕ್ಯೂಬಿಆರ್’ ಕೂಡ ಇದೇ ವಂಶದ್ದು. ಅದು ಒಂದು ಆಟದ ಗಳಿಕೆಯನ್ನು ಎಸೆದವನು, ಹಿಡಿದವನು, ಕಾದವರ ನಡುವೆ ಹಂಚಲು ಯತ್ನಿಸುತ್ತದೆ.

ಆಮೇಲೆ ಚಿಪ್‌ಗಳು ಬಂದವು. ಪ್ರತಿ ಆಟಗಾರನ ಭುಜದ ಪ್ಯಾಡಿನೊಳಗಿನ ಚಿಪ್ ಅವನೆಲ್ಲಿದ್ದಾನೆ ಎಂಬುದನ್ನು ಸೆಕೆಂಡಿಗೆ 10 ಸಲ ದಾಖಲಿಸುತ್ತದೆ. 2017ರಿಂದ ಚೆಂಡಿನೊಳಗೂ ಇದೆ. ಎಸೆದ ಕ್ಷಣದಲ್ಲಿ ರಿಸೀವರ್ ಪಕ್ಕದ ಎದುರಾಳಿ ಎಷ್ಟು ಗಜ ದೂರವಿದ್ದ, ಎಸೆತ ಎಷ್ಟು ಉದ್ದ, ಕೆಡವುವವನು ಎಷ್ಟು ಹತ್ತಿರ ಬಂದಿದ್ದ ಎಂಬುದೆಲ್ಲ ಗೊತ್ತಿರುವುದರಿಂದ, ಆ ಎಸೆತ ಗುರಿ ಮುಟ್ಟುವ ಸಾಧ್ಯತೆ ಶೇಕಡ ಎಷ್ಟಿತ್ತು ಎಂದು ಹೇಳಬಹುದು. ಅದಕ್ಕಿಂತ ಎಷ್ಟು ಹೆಚ್ಚು ಸಲ ಒಬ್ಬ ಗುರಿ ಮುಟ್ಟಿಸುತ್ತಾನೆ ಎಂಬುದು ಅವನ ಕೈಗುಣದ ಲೆಕ್ಕ.

ಇಷ್ಟಾದರೂ ಒಂದು ಗಂಟು ಬಿಚ್ಚಿಕೊಳ್ಳುವುದಿಲ್ಲ. ರಿಸೀವರ್ ಸುತ್ತ ಐದು ಗಜ ಖಾಲಿ ಜಾಗ ಇತ್ತು ಎಂದು ಚಿಪ್ ಹೇಳುತ್ತದೆ. ಆ ಜಾಗ ಮಾಡಿದವರು ಯಾರು? ರಿಸೀವರ್‌ನ ಕಾಲ್ಚಳಕವೇ, ಕೋಚ್ ಹೆಣೆದ ತಂತ್ರವೇ, ಬೇರೆ ಕಡೆ ನೋಡಿ ಎದುರಾಳಿಯನ್ನು ದಾರಿ ತಪ್ಪಿಸಿದ ಕ್ವಾರ್ಟರ್‌ಬ್ಯಾಕ್‌ನ ಕಣ್ಣುಗಳೇ?

ವೀಡಿಯೊ ಹಿಂದಕ್ಕೆ ತಿರುಗಿಸಿದಾಗ

ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಕೋಚ್‌ಗಳು ನೋಡುವುದು ಬೇರೆ ಚಿತ್ರ: ಎತ್ತರದಿಂದ ಇಪ್ಪತ್ತೆರಡೂ ಆಟಗಾರರು ಒಟ್ಟಿಗೆ ಕಾಣುವಂಥದ್ದು. 2012ರಿಂದ ಸಾರ್ವಜನಿಕರೂ ಹಣ ಕೊಟ್ಟು ಅದನ್ನು ನೋಡಬಹುದಾಯಿತು. ಅದರಲ್ಲಿ ಒಂದು ಆಟವನ್ನು ನಿಧಾನಕ್ಕೆ ಓಡಿಸಿ ನೋಡಿದರೆ ಎಸೆತಕ್ಕೂ ಮುಂಚಿನ ಕೆಲಸ ಕಾಣುತ್ತದೆ.

ಚೆಂಡು ಕೈಗೆ ಬಂದ ಕೂಡಲೇ ಅವನು ಬಲಕ್ಕೆ ನೋಡುತ್ತಾನೆ. ಮೈದಾನದ ಹಿಂಬದಿಯಲ್ಲಿ ಒಬ್ಬನೇ ನಿಂತ ರಕ್ಷಕ ಆ ನೋಟ ನಂಬಿ ಬಲಕ್ಕೆ ಎರಡು ಹೆಜ್ಜೆ ಇಡುತ್ತಾನೆ. ಅಷ್ಟು ಸಾಕು. ಎಡಗಡೆಯ ರಿಸೀವರ್ ಇನ್ನೂ ತಿರುಗಿಯೇ ಇಲ್ಲ, ಅವನು ಬರಬೇಕಾದ ಜಾಗಕ್ಕೆ ಚೆಂಡು ಆಗಲೇ ಹೊರಟಿದೆ. ಪಾದಗಳನ್ನು ಗಮನಿಸಿ: ಎದೆಗೆ ಬಡಿಯಲು ಬಂದವನಿಂದ ಒಂದು ಮೊಳ ಪಕ್ಕಕ್ಕೆ ಸರಿದಿದ್ದಾನೆ, ಓಡಿಹೋಗಿಲ್ಲ, ಕಣ್ಣು ನೆಲಕ್ಕಿಳಿದಿಲ್ಲ. ರಿಸೀವರ್ ಇಂಥ ಚೆಂಡನ್ನು ಕೈಚೆಲ್ಲಿದರೂ ಎಸೆದವನ ಕೆಲಸ ಅಷ್ಟೇ ಚೊಕ್ಕ.

ಉಲ್ಟಾ ಕೂಡ ಅಷ್ಟೇ ಮಾಮೂಲು. ಎರಡು ಗಜದ ಸುಲಭ ಎಸೆತ ಹಿಡಿದ ರಿಸೀವರ್ ನಾಲ್ವರನ್ನು ತಪ್ಪಿಸಿ ಅರವತ್ತು ಗಜ ಓಡುತ್ತಾನೆ. ಪುಸ್ತಕದಲ್ಲಿ ಕ್ವಾರ್ಟರ್‌ಬ್ಯಾಕ್ ಹೆಸರಿಗೆ 62 ಗಜ. ಎದುರಾಳಿಯ ಎದೆಗೇ ಎಸೆದ ಚೆಂಡನ್ನು ಆ ಎದುರಾಳಿ ಹಿಡಿಯಲಾರದೆ ಬಿಡುತ್ತಾನೆ. ಪುಸ್ತಕದಲ್ಲಿ ಏನೂ ಆಗಿಲ್ಲ. ಇದನ್ನು ಸರಿಪಡಿಸಲೆಂದೇ ಪ್ರೋ ಫುಟ್‌ಬಾಲ್ ಫೋಕಸ್ ಎಂಬ ಸಂಸ್ಥೆ ಜನರನ್ನು ಕೂರಿಸಿ ಪ್ರತಿ ಆಟಕ್ಕೂ ಪ್ರತಿ ಆಟಗಾರನಿಗೂ ಮೈನಸ್ 2ರಿಂದ ಪ್ಲಸ್ 2ರವರೆಗೆ ಅರ್ಧ ಅರ್ಧದ ಲೆಕ್ಕದಲ್ಲಿ ಅಂಕ ಕೊಡಿಸುತ್ತದೆ. ಫಲಿತಾಂಶಕ್ಕಲ್ಲ, ಮಾಡಿದ ಕೆಲಸಕ್ಕೆ. ಈ ದಾರಿ ಸರಿಯಾದದ್ದೆಂದು ನಾನು ನಂಬುತ್ತೇನೆ. ಕೋಚ್ ಕೊಟ್ಟ ಸೂಚನೆ ಏನಿತ್ತು ಎಂಬುದು ಹೊರಗಿನವರಿಗೆ ತಿಳಿಯದು ಎಂಬ ಮಿತಿ ಮಾತ್ರ ಉಳಿಯುತ್ತದೆ. ರಿಸೀವರ್ ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿದನೋ, ಎಸೆದವನೇ ತಪ್ಪಿದನೋ, ಅದು ಆ ಇಬ್ಬರಿಗೆ ಮತ್ತು ಅವರ ಕೋಚ್‌ಗೆ ಗೊತ್ತು.

ಕಣ್ಣು ಮೋಸ ಹೋಗುವುದೂ ಉಂಟು, ಮತ್ತು ಅದರ ಇತಿಹಾಸ ಕಹಿಯಾದದ್ದು. ದಶಕಗಳ ಕಾಲ ಕಪ್ಪು ಆಟಗಾರರಿಗೆ ಈ ಸ್ಥಾನದ ಬುದ್ಧಿ ಇಲ್ಲವೆಂದು ಕಾಲೇಜಿನಿಂದ ಬಂದ ಕೂಡಲೇ ಬೇರೆ ಸ್ಥಾನಕ್ಕೆ ತಳ್ಳಲಾಗುತ್ತಿತ್ತು. 1978ರಲ್ಲಿ ವಾರೆನ್ ಮೂನ್ ಅವರನ್ನು ಡ್ರಾಫ್ಟಿನಲ್ಲಿ ಒಂದು ತಂಡವೂ ಆರಿಸಲಿಲ್ಲ. ಅವರು ಕೆನಡಾಕ್ಕೆ ಹೋಗಿ ಎಡ್ಮಂಟನ್ ಪರ ಸತತ ಐದು ಸಲ ಅಲ್ಲಿನ ಲೀಗಿನ ಗ್ರೇ ಕಪ್ ಗೆದ್ದರು, ಆಮೇಲೆ 1984ರಲ್ಲಿ ಹ್ಯೂಸ್ಟನ್ ಅವರನ್ನು ಕರೆಸಿಕೊಂಡಿತು. 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅವರು. 2018ರಲ್ಲೂ ಲಮಾರ್ ಜಾಕ್ಸನ್ ರಿಸೀವರ್ ಆಗಿ ಆಡಲಿ ಎಂಬ ಮಾತು ಎದ್ದಿತ್ತು. ಮೊದಲ ಸುತ್ತಿನ ಕಟ್ಟಕಡೆಯವರಾಗಿ, 32ನೆಯವರಾಗಿ ಆಯ್ಕೆಯಾದ ಅವರು ಮರುವರ್ಷವೇ ಲೀಗಿನ ಅತ್ಯಮೂಲ್ಯ ಆಟಗಾರರಾದರು. ಒಬ್ಬ ಮತದಾರನೂ ಬೇರೆಯವರ ಹೆಸರು ಬರೆಯಲಿಲ್ಲ.

ಸುತ್ತಲಿನದು ಬದಲಾದಾಗ

ಎಸೆದವನ ಪಾಲು ಎಷ್ಟು, ಸುತ್ತಲಿನವರ ಪಾಲು ಎಷ್ಟು ಎಂದು ಬಿಡಿಸಲು ಒಂದು ಒರೆಗಲ್ಲು ಇದೆ. ಯಾರೂ ಬೇಕೆಂದು ನಡೆಸದ ಪ್ರಯೋಗ ಅದು: ಒಂದನ್ನು ಹಾಗೇ ಇಟ್ಟು ಇನ್ನೊಂದು ಬದಲಾಗುವುದು.

2007ರಲ್ಲಿ ಟಾಮ್ ಬ್ರೇಡಿ ಇದ್ದ ನ್ಯೂ ಇಂಗ್ಲೆಂಡ್ ಋತುವಿನ 16ಕ್ಕೆ 16 ಪಂದ್ಯ ಗೆದ್ದಿತು. 2008ರ ಮೊದಲ ಪಂದ್ಯದಲ್ಲೇ ಅವರ ಮಂಡಿಗೆ ಪೆಟ್ಟಾಯಿತು. ಜಾಗಕ್ಕೆ ಬಂದ ಮ್ಯಾಟ್ ಕ್ಯಾಸಲ್ ಹೈಸ್ಕೂಲಿನ ನಂತರ ಒಂದು ಪಂದ್ಯವನ್ನೂ ಆರಂಭಿಕ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದವರಲ್ಲ. ಆದರೂ ತಂಡ 11 ಗೆದ್ದಿತು. ಹಾಗಾದರೆ ಎಲ್ಲ ಕೋಚ್ ಮತ್ತು ತಂಡದ ಮಹಿಮೆ ಎಂದವರು ಬಹಳ ಜನ. ಮರುವರ್ಷ ಅದೇ ಕ್ಯಾಸಲ್ ಹೋಗಿ ಸೇರಿದ ಕ್ಯಾನ್ಸಸ್ ಸಿಟಿ ಗೆದ್ದದ್ದು 4.

ಇತ್ತ 2010ರಲ್ಲಿ 10 ಗೆದ್ದಿದ್ದ ಇಂಡಿಯಾನಾಪೊಲಿಸ್, 2011ರಲ್ಲಿ ಮ್ಯಾನಿಂಗ್ ಕತ್ತಿನ ಚಿಕಿತ್ಸೆಯಿಂದ ಇಡೀ ಋತು ಹೊರಗುಳಿದಾಗ 2 ಗೆದ್ದಿತು. ಆ ತಂಡದ ಎಷ್ಟೋ ಬಿರುಕುಗಳನ್ನು ಅವರೊಬ್ಬರೇ ಮುಚ್ಚಿದ್ದರು ಎಂಬುದು ಅವರಿಲ್ಲದಾಗ ತಿಳಿಯಿತು.

ಬ್ರೇಡಿ ವಿಷಯದ ತೀರ್ಪಿಗೆ ಇನ್ನೂ ಹನ್ನೆರಡು ವರ್ಷ ಬೇಕಾಯಿತು. 2000ದ ಡ್ರಾಫ್ಟಿನಲ್ಲಿ ಆರು ಕ್ವಾರ್ಟರ್‌ಬ್ಯಾಕ್‌ಗಳನ್ನು ಆರಿಸಿದ ಮೇಲೆ 199ನೆಯವರಾಗಿ ಬಂದ ಮನುಷ್ಯ ಅವರು; ಓಟದಲ್ಲಿ ನಿಧಾನ, ಮೈಕಟ್ಟು ಸಾಧಾರಣ ಎಂದು ಎಲ್ಲರೂ ಬಿಟ್ಟಿದ್ದರು. 2020ರಲ್ಲಿ ನ್ಯೂ ಇಂಗ್ಲೆಂಡ್ ತೊರೆದು, ಹಿಂದಿನ ವರ್ಷ 7 ಗೆದ್ದಿದ್ದ ಟ್ಯಾಂಪಾ ಬೇ ಸೇರಿದರು. ಆ ತಂಡ 11 ಗೆದ್ದು ಸೂಪರ್ ಬೌಲನ್ನೂ ಗೆದ್ದಿತು. 12 ಗೆದ್ದಿದ್ದ ನ್ಯೂ ಇಂಗ್ಲೆಂಡ್ 7ಕ್ಕೆ ಇಳಿಯಿತು. ಆಗ ಅವರ ವಯಸ್ಸು 43. ಅಲ್ಲಿಗೆ ಏಳು ಕಪ್.

ಜೋಶ್ ಅಲೆನ್ ಕಥೆ ಇನ್ನೊಂದು ಎಚ್ಚರಿಕೆ ಕೊಡುತ್ತದೆ. ಬಫಲೊ ಪರ 2018ರಲ್ಲಿ ಅವರ ಎಸೆತಗಳಲ್ಲಿ ಗುರಿ ಮುಟ್ಟಿದವು ನೂರಕ್ಕೆ 52.8, ಮರುವರ್ಷ 58.8. ಗುರಿಯೇ ಇಲ್ಲದ ತೋಳು ಎಂದು ಬರೆದವರ ಸಂಖ್ಯೆ ದೊಡ್ಡದು. 2020ರಲ್ಲಿ ಸ್ಟೆಫಾನ್ ಡಿಗ್ಸ್ ಎಂಬ ಉತ್ತಮ ರಿಸೀವರ್ ಬಂದರು, ಅಲೆನ್ ಪಾದಗಳ ಚಲನೆ ತಿದ್ದಿಕೊಂಡರು, ಶೇಕಡಾವಾರು 69.2ಕ್ಕೆ ಹೋಯಿತು. 2024ರಲ್ಲಿ ಅತ್ಯಮೂಲ್ಯ ಆಟಗಾರ ಪ್ರಶಸ್ತಿ. ಎರಡು ವರ್ಷದ ಲೆಕ್ಕ ನೋಡಿ ತಂಡ ಅವರನ್ನು ಕೈಬಿಟ್ಟಿದ್ದರೆ ಅಂಕಿಗಳ ಪ್ರಕಾರ ಯಾರೂ ತಪ್ಪೆನ್ನುತ್ತಿರಲಿಲ್ಲ.

ಬೆಲೆ ಕಟ್ಟುವವರ ಸಂಕಟ

ಇದೆಲ್ಲ ಹರಟೆಯ ವಿಷಯವಾಗಿ ಉಳಿಯದಿರುವುದಕ್ಕೆ ಕಾರಣ ಹಣ. 2024ರಲ್ಲಿ ಒಂದು ತಂಡ ಎಲ್ಲ ಆಟಗಾರರ ಮೇಲೆ ಸೇರಿ ಖರ್ಚು ಮಾಡಬಹುದಾದ ಮಿತಿ 25.54 ಕೋಟಿ ಡಾಲರ್. ಅದೇ ವರ್ಷ ಡಲ್ಲಾಸ್‌ನ ಡ್ಯಾಕ್ ಪ್ರೆಸ್ಕಾಟ್ ಮಾಡಿಕೊಂಡ ಒಪ್ಪಂದ ವರ್ಷಕ್ಕೆ ಸರಾಸರಿ 6 ಕೋಟಿ. ಒಬ್ಬನ ಮೇಲೆ ಅಷ್ಟು ಸುರಿದಾಗ ಅವನನ್ನು ಕಾಯುವ ಗೋಡೆಗೂ ಚೆಂಡು ಹಿಡಿಯುವ ಕೈಗಳಿಗೂ ಉಳಿಯುವುದು ಕಡಿಮೆ. ಅಂದರೆ ತಪ್ಪಾದ ತೀರ್ಪು ಎರಡು ಕಡೆಯಿಂದ ಕಚ್ಚುತ್ತದೆ. ನ್ಯೂಯಾರ್ಕ್ ಜೈಂಟ್ಸ್ 2022ರ ಒಂದು ಒಳ್ಳೆಯ ಋತು ನೋಡಿ ಡೇನಿಯಲ್ ಜೋನ್ಸ್ ಅವರಿಗೆ ನಾಲ್ಕು ವರ್ಷಕ್ಕೆ 16 ಕೋಟಿ ಡಾಲರ್ ಬರೆದುಕೊಟ್ಟಿತು. 2024ರ ನವೆಂಬರ್‌ನಲ್ಲಿ ಅವರನ್ನು ಬಿಟ್ಟುಬಿಟ್ಟಿತು.

ಸ್ಯಾನ್ ಫ್ರಾನ್ಸಿಸ್ಕೊದ ಬ್ರಾಕ್ ಪರ್ಡಿ ವಿಷಯದಲ್ಲಿ ಈ ಎಲ್ಲ ವಾದಗಳೂ ಒಂದೇ ಕಡೆ ಕೂಡಿದವು. 2022ರ ಡ್ರಾಫ್ಟಿನಲ್ಲಿ 262ನೆಯವರು, ಕಟ್ಟಕಡೆಯವರು. ವರ್ಷಕ್ಕೆ ಹತ್ತು ಲಕ್ಷ ಡಾಲರಿಗೂ ಕಡಿಮೆ ಸಂಬಳ. 2023ರಲ್ಲಿ ಪಾಸರ್ ರೇಟಿಂಗ್ 113.0, ಲೀಗಿಗೇ ಮೊದಲು. ತಂಡ ಸೂಪರ್ ಬೌಲ್‌ವರೆಗೆ ಹೋಯಿತು. ಅವರ ಬಗ್ಗೆ ಎದ್ದ ಆಕ್ಷೇಪ ಒಂದೇ. ಕೋಚ್ ಕೈಲ್ ಶಾನಹನ್ ತಂತ್ರ ಹೆಣೆಯುವಲ್ಲಿ ನಿಪುಣರು, ಸುತ್ತಲೂ ಘಟಾನುಘಟಿಗಳು, ಆ ಜಾಗದಲ್ಲಿ ಯಾರನ್ನು ನಿಲ್ಲಿಸಿದರೂ ಇಷ್ಟೇ ಆಗುತ್ತಿತ್ತು ಎಂದು.

2024ರಲ್ಲಿ ಆ ಘಟಾನುಘಟಿಗಳು ಒಬ್ಬೊಬ್ಬರಾಗಿ ಗಾಯಗೊಂಡು ಹೊರಗೆ ಕೂತರು. ಪ್ರಮುಖ ಓಟಗಾರ ಕ್ರಿಶ್ಚಿಯನ್ ಮೆಕ್ಯಾಫ್ರಿ, ರಿಸೀವರ್ ಬ್ರ್ಯಾಂಡನ್ ಅಯೂಕ್, ಕಾಯುವ ಗೋಡೆಯ ಹಿರಿಯ ಟ್ರೆಂಟ್ ವಿಲಿಯಮ್ಸ್. ಪರ್ಡಿ ರೇಟಿಂಗ್ 96.1ಕ್ಕೆ ಇಳಿಯಿತು, ತಂಡ 17ರಲ್ಲಿ 6 ಗೆದ್ದಿತು. ಆಕ್ಷೇಪಿಸಿದವರಿಗೆ ಅದೇ ಸಾಕ್ಷಿಯಾಯಿತು. ಆದರೆ ಆ ಋತುವಿನಲ್ಲಿ ಅವರು ತಾವೇ ಚೆಂಡು ಹಿಡಿದು ಓಡಿ 5 ಟಚ್‌ಡೌನ್ ಗಳಿಸಿದ್ದರು. 2025ರ ಮೇ ತಿಂಗಳಲ್ಲಿ ತಂಡ ಅವರ ಮುಂದಿಟ್ಟ ಒಪ್ಪಂದ ಐದು ವರ್ಷಕ್ಕೆ 26.5 ಕೋಟಿ ಡಾಲರ್. ಆ ಋತುವಿನ ಪಂದ್ಯಗಳನ್ನು ಎತ್ತರದ ಕ್ಯಾಮೆರಾದಲ್ಲಿ ನೋಡಿದ ಮೇಲೆ ಶಾನಹನ್ ಮತ್ತು ಅವರ ಜೊತೆಗಾರರು ಕಟ್ಟಿದ ಬೆಲೆ ಅದು.